ಕ್ಯಾಂಟೀನ್ ಗೋಡೆಯ ಹಸಿರು ಕುರಿ

2006ರಲ್ಲಿ ನಾನು ರಾಮನಗರದಲ್ಲಿದ್ದೆ. ಬಾಡಿಗೆ ಮನೆಯ ಮಹಡಿಯೇ ನನ್ನ ಸ್ಟುಡಿಯೋ. ವಿಸಿಟಿಂಗ್ ಕಾರ್ಡಿನಲ್ಲಿ ಹೆಸರಿನ ಕೆಳಗೆ ‘ಎಕ್ಸ್‌ಪ್ರೆಷನಿಸ್ಟ್ ಪೇಂಟರ್’ ಎಂದು ಜಂಬದಿಂದ ಅಚ್ಚು ಹಾಕಿಸಿದ್ದೆ. ಕಣ್ಣಿಗೆ ಕಂಡದ್ದನ್ನು ಕಂಡ ಹಾಗೇ ಬರೆಯದೆ, ಅದನ್ನು ನೋಡಿದಾಗ ಮನಸ್ಸಿಗೆ ಏನಾಯಿತೋ ಅದನ್ನು ಬಣ್ಣದಲ್ಲಿ, ಗೆರೆಯಲ್ಲಿ ಹೇಳುವ ಶೈಲಿ ಅದು. ಕೋಪ ಬಂದರೆ ಆಕಾಶ ಕೆಂಪಾಗಬಹುದು, ಭಯವಾದರೆ ಮನೆ ವಾಲಬಹುದು. ನಮ್ಮ ಬೀದಿಯವರು ಮಾತ್ರ “ಆ ಮೇಡಂಗೆ ಸರಿಯಾಗಿ ಬರೆಯಾಕೆ ಬರಾಕಿಲ್ಲ” ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದರು.

ಆಗ ಕನಕಪುರದ ಕಡೆ ಹೊಲಗಳ ನಡುವೆ ಒಂದರ ಹಿಂದೆ ಒಂದು ಕಾರ್ಖಾನೆ ಏಳುತ್ತಿದ್ದ ಕಾಲ. ವಾಹನಗಳಿಗೆ ರಬ್ಬರ್ ಬಿಡಿಭಾಗ ಮಾಡುವ ಒಂದು ಕಂಪನಿಯಿಂದ ನನಗೆ ಕರೆ ಬಂತು. ಹೊಸ ಕ್ಯಾಂಟೀನಿನ ನಲವತ್ತು ಅಡಿ ಉದ್ದದ ಗೋಡೆಗೆ ಮ್ಯೂರಲ್, ಅಂದರೆ ಗೋಡೆಯ ಮೇಲೇ ಬರೆಯುವ ದೊಡ್ಡ ಚಿತ್ರ ಬೇಕಿತ್ತು. ಪ್ಲಾಂಟ್ ಮ್ಯಾನೇಜರ್ ಶ್ರೀಧರ ರಾವ್ ಮೈಸೂರಿನವರು, ಇಸ್ತ್ರಿ ಕೆಡದ ಮನುಷ್ಯ. “ಈ ಜಾಗದ ಬದುಕು ಕಾಣಲಿ ಮೇಡಂ” ಎಂದಷ್ಟೇ ಹೇಳಿ, ಎರಡು ತಿಂಗಳ ತರಬೇತಿಗೆಂದು ಹೊರರಾಜ್ಯಕ್ಕೆ ಹೋದರು. ಅಲ್ಲಿಯವರೆಗೆ ಗ್ಯಾಲರಿಗಳಲ್ಲಿ ನಾಲ್ಕು ಜನ ನೋಡಿ ಹೋಗುವ ಕ್ಯಾನ್ವಾಸ್ ಬರೆದುಕೊಂಡಿದ್ದ ನನಗೆ ಅದು ಮೊದಲ ದೊಡ್ಡ ಗೋಡೆ. ದಿನವೂ ಮುನ್ನೂರು ಜನ ಊಟ ಮಾಡುತ್ತಾ ನೋಡುವ ಗೋಡೆ! ನನಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ಮೊದಲ ದಿನವೇ ವಿಷಯ ಸಿಕ್ಕಿತು. ಬೆಳಗಿನ ಶಿಫ್ಟಿನ ಬಸ್ಸು ಗೇಟಿನ ಹತ್ತಿರ ಗಕ್ಕನೆ ನಿಂತಿತು. ಎದುರಿಗೆ ಕುರಿಮಂದೆ. ಕಾರ್ಖಾನೆಯ ರಸ್ತೆ ಬಿದ್ದಿದ್ದೇ ಹಳೆಯ ಮೇವಿನ ದಾರಿಯ ಮೇಲೆ, ಹಾಗಾಗಿ ಅವು ತಮ್ಮ ಹಕ್ಕೆಂಬಂತೆ ಅಲ್ಲೇ ದಾಟುತ್ತಿದ್ದವು. ಎಲ್ಲ ದಾಟಿದರೂ ಒಂದು ಹೆಣ್ಣುಕುರಿ ಮಾತ್ರ ರಸ್ತೆಯ ನಡುವೆ ಕತ್ತು ಚಾಚಿ, ಬಸ್ಸನ್ನೇ ದಿಟ್ಟಿಸುತ್ತಾ ನಿಂತಿತ್ತು. ಚಾಲಕ ಹಾರ್ನ್ ಹೊಡೆದು ಸುಸ್ತಾದ. ಅದಕ್ಕೆ ಬೇಸರವಾದ ಮೇಲೆ ಅದು ಹೋಯಿತು.

ಏಳು ವಾರ ಏಣಿಯ ಮೇಲೆಯೇ ಕಳೆದೆ. ನೇರಳೆ ಬಣ್ಣದ ಬಸ್ಸು ಹೆದರಿ ಹಿಂದಕ್ಕೆ ಬಾಗಿತ್ತು, ನೆಲ ಕಿತ್ತಳೆಯಾಗಿತ್ತು. ನಡುವೆ ಬಸ್ಸಿಗಿಂತ ದೊಡ್ಡದಾಗಿ ಹಸಿರು ಮೋರೆಯ ಆ ಕುರಿ, ಬಸ್ಸಿನ ಚಕ್ರಗಳ ಸುತ್ತ ಚಿಕ್ಕದಾಗಿ ಮಂದೆಯ ಉಳಿದ ಕುರಿಗಳು. ನಿಜವಾದ ಕುರಿಯ ಕತ್ತಿನ ಮೇಲೆ ಕೆಂಪು ಬಣ್ಣದ ಗುರುತು ಇತ್ತು. ನನ್ನ ಚಿತ್ರದಲ್ಲಿ ಬಲಗಡೆ ಖಾಲಿ ಅನ್ನಿಸಿದ್ದರಿಂದ ಆ ಕೆಂಪನ್ನು ಎತ್ತಿ ಸೊಂಟದ ಮೇಲೆ ಇಟ್ಟೆ. ಇದಕ್ಕೆ ನಾವು ಕಂಪೋಸಿಷನ್ ಎನ್ನುತ್ತೇವೆ: ಯಾವುದು ಎಲ್ಲಿ ಕೂತರೆ ಚಿತ್ರ ತೂಗುತ್ತದೆ ಎಂಬ ಲೆಕ್ಕಾಚಾರ. ಅಂಥ ಸ್ವಾತಂತ್ರ್ಯ ಕಲಾವಿದರಿಗೆ ಇದ್ದೇ ಇದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೆ.

ಆಯುಧಪೂಜೆಗೆ ನಾಲ್ಕು ದಿನ ಇರುವಾಗ ರಾಯರು ವಾಪಸು ಬಂದರು. ಗೋಡೆಯನ್ನು ಈ ತುದಿಯಿಂದ ಆ ತುದಿಯವರೆಗೆ ನಡೆದು ನೋಡಿದರು.

“ಮೇಡಂ, ಕುರಿ ಹಸಿರಾಗಿರುತ್ತಾ?”

“ಹಟ ಹಿಡಿದಾಗ ಆಗುತ್ತೆ ಸಾರ್.”

ಅವರು ನಗಲಿಲ್ಲ. “ಇದು ಕುರಿ ಅಂತಾನೇ ಯಾರಿಗೂ ಗೊತ್ತಾಗಲ್ಲ. ಪೂಜೆ ದಿನ ಕಾರ್ಮಿಕರ ಮನೆಯವರೆಲ್ಲ ಬರ್ತಾರೆ. ಅವರಿಗೆ ಅರ್ಥವಾದರೆ ಉಳಿಯುತ್ತೆ. ಇಲ್ಲದಿದ್ದರೆ ಮಾರನೇ ದಿನ ಕ್ರೀಮ್ ಕಲರ್ ಹೊಡೆಸ್ತೀನಿ.” ನಾನು ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು. ಆದರೆ ಅವತ್ತು ತಿರುಗಿ ಬ್ರಷ್ ತೊಳೆಯತೊಡಗಿದೆ. ಏಳು ವಾರದ ಕೆಲಸ ಒಂದು ಬಕೆಟ್ ಬಣ್ಣದಲ್ಲಿ ಮುಳುಗಿಹೋಗುವುದಿತ್ತು.

ಪೂಜೆಯ ದಿನ ಯಂತ್ರಗಳಿಗೆಲ್ಲ ಚೆಂಡುಹೂವು, ಕುಂಬಳಕಾಯಿ. ಅವತ್ತೇ ತೆರೆದ ಕ್ಯಾಂಟೀನಿನಲ್ಲಿ ಪುಳಿಯೋಗರೆ, ಕೇಸರಿಬಾತು. ಬಂದವರು ಗೋಡೆಯತ್ತ ನೋಡಿ, ನನ್ನತ್ತ ನೋಡಿ, ಮರ್ಯಾದೆಗೆ ತಲೆಯಾಡಿಸಿ ಎಲೆಯ ಮುಂದೆ ಕೂರುತ್ತಿದ್ದರು. ಒಬ್ಬಾಕೆ “ಆನೆ ಚೆಂದಾಗೈತೆ” ಎಂದಳು. ರಾಯರು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ನಾನು ನೀರಿನ ಲೋಟದಲ್ಲಿ ಮುಖ ಹುದುಗಿಸಿದೆ.

ಆಗ ಬಂದವನು ಬೀರಣ್ಣ. ಪ್ಯಾಕಿಂಗ್ ವಿಭಾಗದ ಮಂಜುಳಾಳ ಅಪ್ಪ. ಪಕ್ಕದ ಹಳ್ಳಿಯಲ್ಲಿ ಒಂದಿಷ್ಟು ರಾಗಿ ಹೊಲ ಮಾಡಿಕೊಂಡು ಕುರಿ ಸಾಕಿದ್ದವನು. ಜೊತೆಗೆ ಅವನ ಭಾಮೈದ ಲಕ್ಕಣ್ಣ, ಅವನದೂ ಅದೇ ಕಸುಬು. ಬೀರಣ್ಣ ಗೋಡೆ ನೋಡಿದವನೇ ಹೆಗಲ ಮೇಲಿನ ಟವೆಲ್ ಕೊಡವಿದ.

“ಲೇ ಲಕ್ಕ! ನಮ್ ಗೌರಿ ಮ್ಯಾಲೆ ನಿನ್ ಗುರ್ತು ಯಾಕ್ಲಾ ಬಂತು?”

ಲಕ್ಕಣ್ಣ ನಿಧಾನವಾಗಿ ನೋಡಿ ಮೀಸೆಯಲ್ಲೇ ನಕ್ಕ. “ಸೊಂಟದ ಮ್ಯಾಲೆ ಕೆಂಪು ಇದ್ಮೇಲೆ ನಂದೇ ಕಣ್ ಭಾವ. ಗೋಡೆನೇ ಹೇಳ್ತಾ ಐತಲ್ಲ.”

ಎರಡು ಮನೆಯ ಕುರಿಗಳೂ ಒಟ್ಟಿಗೇ ಮೇಯುತ್ತಿದ್ದವಂತೆ. ಬೆರೆತರೆ ಗೊತ್ತಾಗಲೆಂದು ಬೀರಣ್ಣನ ಮನೆಯವರು ಕತ್ತಿಗೆ, ಲಕ್ಕಣ್ಣನ ಮನೆಯವರು ಸೊಂಟಕ್ಕೆ ಬಣ್ಣ ಹಾಕುವುದು ತಲೆಮಾರುಗಳಿಂದ ಬಂದ ಪದ್ಧತಿ. ನಾನು ನನ್ನ ಕಂಪೋಸಿಷನ್ನಿಗಾಗಿ ಒಂದು ಮನೆಯ ಕುರಿಯನ್ನು ಇನ್ನೊಂದು ಮನೆಗೆ ಸಲೀಸಾಗಿ ದಾಟಿಸಿಬಿಟ್ಟಿದ್ದೆ. ಊಟ ಬಿಟ್ಟು ಜನ ಎದ್ದು ಬಂದರು. ಇದ್ದಕ್ಕಿದ್ದಂತೆ ಎಲ್ಲರಿಗೂ ಕುರಿ ಕಂಡಿತು, ಬಸ್ಸು ಕಂಡಿತು. ಗೌರಿ ಯಾರವಳು ಎಂದು ಕ್ಯಾಂಟೀನೇ ಎರಡು ಪಕ್ಷವಾಯಿತು.

ರಾಯರು ನಡುವೆ ನುಗ್ಗಿದರು. “ಇದು ನಿಮ್ಮ ಕುರಿ ಅಂತ ಹೇಗ್ರೀ ಗೊತ್ತಾಯ್ತು? ಮುಖ ಹಸಿರಿದೆ!”

“ಬಣ್ಣ ಏನಾರ ಆಗ್ಲಿ ಸ್ವಾಮಿ,” ಎಂದ ಬೀರಣ್ಣ. “ಬಸ್ಸು ಬಂದ್ರೂ ಕತ್ತು ಚಾಚ್ಕೊಂಡು ನಿಲ್ಲೋಳು ನಮ್ ಗೌರಿ ಒಬ್ಳೇಯ. ಅವಳ ಮೊಂಡುತನ ಹಂಗಂಗೇ ಬಂದ್ಬುಟ್ಟೈತೆ.”

ರಾಯರು ಮತ್ತೆ ಗೋಡೆ ನೋಡಿದರು. “ಅಯ್ಯೋ, ದಿನಾ ನನ್ನ ಕಾರಿಗೆ ಅಡ್ಡ ನಿಲ್ಲೋದು ಇದೇನಾ!” ಎಂದು ಜೋರಾಗಿ ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ನನಗೆ ಕುಣಿಯುವಷ್ಟು ಸಂತೋಷ. ಆದರೂ ಬಿಗುಮಾನ ಬಿಡಲಿಲ್ಲ. ಆ ಕೆಂಪು ಅಲ್ಲಿ ಯಾಕೆ ಬೇಕು ಎಂದು ಕಂಪೋಸಿಷನ್ ಪಾಠ ಶುರುಮಾಡಿದೆ. ಬೀರಣ್ಣ ತಾಳ್ಮೆಯಿಂದ ಪೂರ್ತಿ ಕೇಳಿದ.

“ಆಗ್ಲಿ ಕಣವ್ವ. ಮಕ ಹಸಿರು ಮಾಡು, ಬೇಕಾದ್ರೆ ಕಾಲು ಐದು ಮಾಡು. ಗುರ್ತು ಮಾತ್ರ ಎತ್ತಿಡಬ್ಯಾಡ. ಅದು ನಿಂದಲ್ಲ.”

ಪೂಜೆಯ ಸೀರೆಯಲ್ಲೇ ಏಣಿ ಹತ್ತಿದೆ. ಸೊಂಟದ ಕೆಂಪನ್ನು ಮುಚ್ಚಿ, ಗೌರಿಯ ಕತ್ತಿಗೆ ಗುರುತು ಹಾಕಿದೆ. ಕೆಳಗೆ ಚಪ್ಪಾಳೆ. ಲಕ್ಕಣ್ಣ ಮಾತ್ರ ಮುಖ ಊದಿಸಿಕೊಂಡು “ನಮ್ದೂ ಒಂದಿರ್ಲಿ ಕಣವ್ವ” ಎಂದ. ನೀನೇ ಆರಿಸು ಎಂದೆ. ಬಸ್ಸಿನ ಚಕ್ರದ ಹಿಂದೆ ಬಲಗಡೆ ಅವಿತಿದ್ದ ಒಂದು ಕುರಿಯನ್ನು ತೋರಿಸಿ, “ಆ ಕಳ್ಳ ನೋಟ ನೋಡು, ನಂದೇಯ” ಎಂದ. ಅದರ ಸೊಂಟಕ್ಕೆ ಕೆಂಪು ಬಿದ್ದದ್ದೇ ತಡ, ನಾನು ಏಳು ವಾರ ಒದ್ದಾಡಿದ್ದ ಆ ಖಾಲಿ ಬಲಗಡೆ ತುಂಬಿಕೊಂಡಿತು. ನಾಚಿಕೆಯೂ ಆಯಿತು, ನಗುವೂ ಬಂತು.

ಕ್ರೀಮ್ ಬಣ್ಣ ಕಾಂಪೌಂಡ್ ಗೋಡೆಗೆ ಹೋಯಿತು. ಆಮೇಲೆ ಚನ್ನಪಟ್ಟಣ, ಮಾಗಡಿಯಲ್ಲೂ ಗೋಡೆಗಳನ್ನು ಬರೆದೆ. ಎಲ್ಲೇ ಹೋದರೂ ಬ್ರಷ್ ಅದ್ದುವ ಮೊದಲು ಆ ಊರಿನವರನ್ನು ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳುತ್ತೇನೆ: ಇಲ್ಲಿ ನಾನು ಯಾವುದನ್ನು ಎತ್ತಿಡಬಾರದು? ಅದನ್ನು ತಿಳಿದುಕೊಂಡ ಮೇಲೆ, ಉಳಿದದ್ದನ್ನೆಲ್ಲ ನನ್ನ ಮನಸ್ಸಿಗೆ ಬಂದಷ್ಟು ಹಸಿರು ಮಾಡುತ್ತೇನೆ.