ಹುಗ್ಗಿಯ ಪೋಸ್ಟರಿನಲ್ಲಿ ಎರಡು ಉಪ್ಪು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಮ್ಮ ಕಂಡಕಂಡವರ ಮುಂದೆ ಹೇಳುತ್ತಾಳೆ. ಇರಲಿ. ಆದರೆ ಬಸವೇಶ್ವರನಗರದ ಆ ದೇವಸ್ಥಾನದ ಕಾರ್ಯದರ್ಶಿಗಳು ಅಂದು ಆಡಿದ ಮಾತು ಕೇಳಿದ್ದರೆ ಎಂಥ ಸಮಾಧಾನಿಗೂ ಮೈ ಉರಿಯುತ್ತಿತ್ತು. ಅಮ್ಮ ಅಲ್ಲಿ ಇಪ್ಪತ್ತೆರಡು ವರ್ಷದಿಂದ ನೈವೇದ್ಯದ ಅಡುಗೆ ಮಾಡುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಅವಳನ್ನು ಎದ್ದು ನಿಲ್ಲಿಸಿದ್ದು ಆ ಒಲೆಯೇ.

"ನೋಡೀಮ್ಮಾ, ಒಂದಿನ ಉಪ್ಪು ಸರಿಯಾಗಿರತ್ತೆ, ಇನ್ನೊಂದಿನ ಬಾಯಿಗಿಡಕ್ಕಾಗಲ್ಲ. ಜನ ದೊನ್ನೆ ಹಂಗೇ ಕಸದ ಡಬ್ಬಕ್ಕೆ ಹಾಕಿ ಹೋಗ್ತಾರೆ. ಧನುರ್ಮಾಸದ ಮೊದಲ್ನೇ ದಿನ ನೋಡ್ತೀವಿ. ಅವತ್ತೂ ಹಿಂಗೇ ಆದ್ರೆ ಕೇಟರಿಂಗ್‌ನವರಿಗೆ ಕೊಟ್ಬಿಡ್ತೀವಿ. ಬೇಜಾರ್ ಮಾಡ್ಕೋಬೇಡಿ" ಎಂದರು ಅವರು. ಆಮೇಲೆ ನನ್ನ ಕಡೆ ತಿರುಗಿ, "ನೀನು ಡಿಸೈನ್ ಕೆಲಸ ಅಲ್ವೇನಮ್ಮ? ಹುಗ್ಗಿ ಮಾಡೋದು ಹೆಂಗೆ ಅಂತ ಚಿತ್ರ ಸಮೇತ ಒಂದು ಪೋಸ್ಟರ್ ಮಾಡ್ಕೊಡು. ಗೋಡೆಗೆ ಹಾಕಣ. ಯಾರು ಮಾಡಿದ್ರೂ ಒಂದೇ ಥರ ಬರ್ಲಿ" ಎಂದರು.

ಯಾರು ಮಾಡಿದರೂ! ಅಮ್ಮನನ್ನು ಕಳಿಸುವುದಕ್ಕೆ ಮಗಳ ಕೈಯಲ್ಲೇ ಚಿತ್ರ ಬರೆಸುವ ಜಾಣತನ. ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡು "ಆಗ್ಲಿ ಸಾರ್" ಎಂದೆ. ಅಮ್ಮನ ಅಳತೆಯಲ್ಲಿ ತಪ್ಪಿಲ್ಲ ಎಂದು ಅದೇ ಪೋಸ್ಟರಿನಲ್ಲಿ ತೋರಿಸಿಕೊಡುತ್ತೇನೆ ಎಂಬ ಹಟ ನನ್ನದು. ಮೊದಲ ದಿನಕ್ಕೆ ಇನ್ನು ಎಂಟು ದಿನವಿತ್ತು.

ವಿಜಯನಗರದ ಪ್ರಿಂಟಿಂಗ್ ಅಂಗಡಿಯಲ್ಲಿ ಹೋಟೆಲುಗಳ ಮೆನು, ಗೃಹಪ್ರವೇಶದ ಕಾರ್ಡು, ಚುನಾವಣೆ ಫ್ಲೆಕ್ಸು ಎಲ್ಲ ಮಾಡಿದ ಕೈ ನನ್ನದು. ಎರಡು ಸಂಜೆಯಲ್ಲಿ ಮೊದಲ ಪ್ರತಿ ಎದ್ದು ನಿಂತಿತು. ನಡುವೆ ಹಿತ್ತಾಳೆ ಪಾತ್ರೆ, ಸುತ್ತ ಅಕ್ಕಿ, ಹುರಿದ ಹೆಸರುಬೇಳೆ, ಮೆಣಸು, ಜೀರಿಗೆ, ಶುಂಠಿ, ಕೊಬ್ಬರಿ, ತುಪ್ಪದ ಗಿಂಡಿ. ಒಂದೊಂದಕ್ಕೂ ಒಂದು ಬಾಣ, ಒಂದು ಸಂಖ್ಯೆ. ಉಪ್ಪಿನ ಹತ್ತಿರ ಅಮ್ಮನದೇ ಮುಷ್ಟಿ ಬರೆದೆ: ಸೇರು ಅಕ್ಕಿಗೆ ಒಂದು ಹಿಡಿ. ಕೊನೆಯ ಚೌಕದಲ್ಲಿ ಸೌಟು, ಅದರ ಕೆಳಗೆ 'ರುಚಿ ನೋಡಿ ಉಪ್ಪು ಸರಿಮಾಡಿಕೊಳ್ಳಿ'.

ಕಾರ್ಯದರ್ಶಿಗಳು ನನ್ನ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಮುಖ ಕೆಂಪಾಯಿತು.

"ಏನಿದು? ರುಚಿ ನೋಡೋದಾ? ನೈವೇದ್ಯನ ಎಂಜಲು ಮಾಡಿ ದೇವರ ಮುಂದೆ ಇಡೋದಾ? ಅಡುಗೆಯವಳ ಮಗಳು ನೀನು, ಇಷ್ಟೂ ಗೊತ್ತಿಲ್ವಾ?"

ಹೋಟೆಲಿನ ಹಳೆಯ ಪೋಸ್ಟರೊಂದನ್ನು ಎದುರಿಟ್ಟುಕೊಂಡು ಕೆಲಸ ಮಾಡಿದ್ದೆ. ಅದರಲ್ಲಿದ್ದ ಕೊನೆಯ ಚೌಕ ಇದಕ್ಕೂ ಬಂದುಬಿಟ್ಟಿತ್ತು. ಥೂ, ನನ್ನ ತಲೆಗಿಷ್ಟು! ದೇವರಿಗೆ ಇಡುವ ಮೊದಲು ಅಡುಗೆಯನ್ನು ಯಾರೂ ನಾಲಿಗೆಗೆ ಮುಟ್ಟಿಸುವುದಿಲ್ಲ ಎಂದು ಬುದ್ಧಿ ಬಂದಾಗಿನಿಂದ ನೋಡಿದ್ದೇನೆ. ಅಮ್ಮ ಮೆಲ್ಲಗೆ, "ಏನೋ ಗೊತ್ತಾಗ್ಲಿಲ್ಲ, ತೆಗೀತಾಳೆ ಬಿಡಿ ಸಾರ್" ಎಂದಳು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಚೌಕ ತೆಗೆಯುವುದು ಸುಲಭ. ಆದರೆ ರುಚಿ ನೋಡದೆ ಮಾಡುವ ಅಡುಗೆಗೆ ಅಳತೆ ಎಷ್ಟು ಖಚಿತವಾಗಿರಬೇಕು! ಪೋಸ್ಟರಿನಲ್ಲಿ ಇರುವಂತೆಯೇ ಒಮ್ಮೆ ಮಾಡಿ ನೋಡೋಣ ಎಂದು ಭಾನುವಾರ ಹೊಸಹಳ್ಳಿಯ ಮನೆಯಲ್ಲಿ ಸೇರು ಅಕ್ಕಿ ಇಟ್ಟೆವು. ನಮ್ಮಿಬ್ಬರಿಗೆ ಮೂರು ದಿನ ತಿಂದರೂ ಮುಗಿಯದಷ್ಟು. ಅಮ್ಮ ಡಬ್ಬಿಗೆ ಕೈ ಹಾಕಿ ಒಂದು ಹಿಡಿ ಉಪ್ಪು ಹಾಕಿದಳು. ಇದೇನೂ ನೈವೇದ್ಯವಲ್ಲವಲ್ಲ, ಸೌಟಿನ ತುದಿಯಲ್ಲಿ ಒಂದಿಷ್ಟು ತೆಗೆದು ಅವಳ ಅಂಗೈಗೆ ಹಾಕಿದೆ. ಬಾಯಿಗಿಟ್ಟು, "ಸರಿಯಾಗಿದೆ ಕಣೇ" ಎಂದಳು.

ನಾನೂ ಬಾಯಿಗಿಟ್ಟೆ. ಉಪ್ಪೆಂದರೆ ಉಪ್ಪು! ಸಿಂಕಿಗೆ ಓಡಿ ಉಗಿದೆ.

"ಅಮ್ಮಾ, ಇದನ್ನ ಸರಿಯಾಗಿದೆ ಅಂತೀಯಲ್ಲ! ನಿಂಗೆ ನಾಲಿಗೆ ಇದ್ಯೋ ಇಲ್ವೋ?"

ಅಮ್ಮ ಒಲೆ ಆರಿಸಿದಳು, ಸೌಟು ತೊಳೆದಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, "ಇಲ್ಲ" ಎಂದಳು. "ಎರಡು ವರ್ಷ ಆಯ್ತು. ಆಗ ಜ್ವರ ಬಂದಿತ್ತಲ್ಲ, ಅದರಲ್ಲಿ ಹೋಗಿದ್ದು ಬರ್ಲೇ ಇಲ್ಲ. ವಾಸನೇನೂ ಇಲ್ಲ, ರುಚೀನೂ ಇಲ್ಲ. ಯಾರಿಗೂ ಹೇಳ್ಬೇಡ ಕಣೇ, ಕೈ ಮುಗೀತೀನಿ."

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. 'ದೇವಸ್ಥಾನದಲ್ಲಿ ಬೇಯಿಸಿ ಬೇಯಿಸಿ ಸಾಕಾಗಿದೆ, ಮನೇಲಿ ನೀನೇ ಮಾಡು' ಎಂದು ಅವಳು ಹೇಳಿದ್ದೂ ಎರಡು ವರ್ಷದ ಹಿಂದೆಯೇ. ಸೋಮಾರಿತನ ಎಂದು ಎಷ್ಟು ಸಲ ರೇಗಿದ್ದೆ! ಒಂದೇ ಮನೆಯಲ್ಲಿದ್ದೂ ನನಗೆ ತಿಳಿಯಲಿಲ್ಲ. ದೇವಸ್ಥಾನದಲ್ಲಂತೂ ರುಚಿ ನೋಡು ಎಂದು ಅವಳಿಗೆ ಯಾರೂ ಹೇಳುವಂತಿಲ್ಲ. ಅವಳ ಕೈ ಇಪ್ಪತ್ತೆರಡು ವರ್ಷದ ಲೆಕ್ಕದಲ್ಲಿ ನಡೆದುಕೊಂಡು ಹೋಗಿತ್ತು.

ಹಾಗಿದ್ದರೆ ಆ ಕೈ ಈಗೇಕೆ ತಪ್ಪುತ್ತಿದೆ? ನನ್ನ ಕಣ್ಣು ಉಪ್ಪಿನ ಡಬ್ಬಿಯ ಮೇಲೆ ಹೋಯಿತು. ಮನೆಯಲ್ಲಿದ್ದದ್ದು ಪುಡಿ ಉಪ್ಪು.

"ದೇವಸ್ಥಾನದಲ್ಲಿ ಯಾವ ಉಪ್ಪಮ್ಮ?"

"ಮುಂಚೆಯಿಂದ ಕಲ್ಲುಪ್ಪೇ. ಈಗ ಭಕ್ತರು ಕೊಡ್ತಾರಲ್ಲ, ಒಂದ್ಸಲ ಕಲ್ಲುಪ್ಪು ಬರತ್ತೆ, ಒಂದ್ಸಲ ಪ್ಯಾಕೆಟ್ಟು ಬರತ್ತೆ. ಯಾವುದಾದ್ರೇನು, ಉಪ್ಪು ಉಪ್ಪೇ ತಾನೇ."

ಕೆಳಗಿನ ಅಂಗಡಿಗೆ ಓಡಿ ಕಲ್ಲುಪ್ಪು ತಂದೆ. ಎರಡನ್ನೂ ಅಮ್ಮನ ಕೈಯಲ್ಲೇ ಒಂದೊಂದು ಹಿಡಿ ಹಿಡಿಸಿ ತೂಗಿದೆ. ಕಲ್ಲಿನ ಸಂದಿಯಲ್ಲಿ ಗಾಳಿ, ಪುಡಿಯಲ್ಲಿ ಬರೀ ಉಪ್ಪು. ಪುಡಿಯ ತೂಕ ಹೆಚ್ಚುಕಡಿಮೆ ಒಂದೂವರೆ ಪಟ್ಟು ಬಂತು. ಅಮ್ಮನಿಗೆ ನಾಲಿಗೆ ಇದ್ದಿದ್ದರೆ ಪ್ಯಾಕೆಟ್ ಉಪ್ಪು ಹಾಕಿದ ಮೊದಲ ದಿನವೇ ಪ್ರಸಾದ ತಿಂದಾಗ ಗೊತ್ತಾಗುತ್ತಿತ್ತು. ಅಮ್ಮ ಎರಡು ಅಂಗೈಗಳನ್ನೂ ನೋಡುತ್ತಾ ನಿಂತಳು.

ಪೋಸ್ಟರಿನಿಂದ ಮುಷ್ಟಿಯನ್ನು ಅಳಿಸಿದೆ. ಅದನ್ನು ಬಹಳ ಚೆನ್ನಾಗಿ ಬರೆದಿದ್ದೆ. ಅಲ್ಲಿ ಎರಡು ಬಟ್ಟಲು ಬಂದವು. ಕಲ್ಲುಪ್ಪಿನ ಬಟ್ಟಲು ನೀಲಿ, ಪುಡಿಯ ಬಟ್ಟಲು ಕೆಂಪು. ಪಕ್ಕದಲ್ಲಿ ಉಪ್ಪಿನದೇ ಒಂದು ಚಮಚ, ಸೇರು ಅಕ್ಕಿಗೆ ಇದಾದರೆ ಇಷ್ಟು ಚಮಚ, ಅದಾದರೆ ಅಷ್ಟು ಚಮಚ. ಅಮ್ಮ ಒಲೆಯ ಹತ್ತಿರ ನಿಂತರೂ ಕಾಣುವಷ್ಟು ದಪ್ಪ ಅಕ್ಷರ.

ಧನುರ್ಮಾಸದ ಮೊದಲ ದಿನ ಬೆಳಗಿನ ಜಾವ, ಲ್ಯಾಮಿನೇಷನ್ ಮಾಡಿಸಿದ ಪೋಸ್ಟರು ಅಡುಗೆಮನೆಯ ಗೋಡೆಯಲ್ಲಿತ್ತು. ಒಳಗೆ ಮಡಿ, ನನಗೆ ಹೊಸ್ತಿಲು ದಾಟುವಂತಿಲ್ಲ. ಬಾಗಿಲಲ್ಲಿ ನಿಂತೆ. ಪಕ್ಕದಲ್ಲೇ ಕಾರ್ಯದರ್ಶಿಗಳು, ಕೈಕಟ್ಟಿಕೊಂಡು. ಅಂದು ಬಂದಿದ್ದದ್ದು ಪ್ಯಾಕೆಟ್ ಉಪ್ಪು.

ಐದು ಸೇರಿನ ಹುಗ್ಗಿ ಕುದಿಯುತ್ತಿತ್ತು. ಅಮ್ಮ ಉಪ್ಪಿನ ಪಾತ್ರೆ ಎಳೆದುಕೊಂಡಳು. ಕೈ ತಾನಾಗಿ ಒಳಗಿಳಿಯಿತು, ಮುಷ್ಟಿ ಕಟ್ಟಿತು, ಮೇಲೆ ಬಂತು. 'ಅಮ್ಮಾ ಚಮಚ' ಎಂದು ಕೂಗಿದರೆ ಪಕ್ಕದಲ್ಲಿದ್ದವರಿಗೆ ಎಲ್ಲ ತಿಳಿಯುತ್ತದೆ, ಸುಮ್ಮನಿದ್ದರೆ ಇವತ್ತಿಗೇ ಅವಳ ಕೆಲಸ ಮುಗಿಯುತ್ತದೆ. ಮುಷ್ಟಿ ಪಾತ್ರೆಯ ಮೇಲಕ್ಕೆ ಹೋಯಿತು. ನಾನು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡೆ.

ಅಮ್ಮ ನಿಂತಳು. ತಲೆ ಎತ್ತಿ ಗೋಡೆ ನೋಡಿದಳು. ಕೆಂಪು ಬಟ್ಟಲು. ಮುಷ್ಟಿ ಬಿಚ್ಚಿ ಉಪ್ಪನ್ನೆಲ್ಲ ವಾಪಸ್ಸು ಸುರಿದು, ಚಮಚ ಎತ್ತಿಕೊಂಡು, ತುಟಿಯಲ್ಲೇ ಎಣಿಸುತ್ತಾ ಹಾಕತೊಡಗಿದಳು.

ಮಂಗಳಾರತಿ ಆಗುವವರೆಗೆ ನಾನು ಉಸಿರಾಡಿದೆನೋ ಇಲ್ಲವೋ ನೆನಪಿಲ್ಲ. ಕಾರ್ಯದರ್ಶಿಗಳು ಮೊದಲ ದೊನ್ನೆ ತೆಗೆದುಕೊಂಡರು. ಒಂದು ತುತ್ತು, ಇನ್ನೊಂದು ತುತ್ತು. ದೊನ್ನೆ ಬಳಿದು ಖಾಲಿ ಮಾಡಿ, "ಉಪ್ಪು ಹದವಾಗಿದೆಯಮ್ಮ. ನಾಳೆಯೂ ಹಿಂಗೇ ಇರ್ಲಿ" ಎಂದರು. ನಾಳೆಯೂ! ಕುಣಿದುಬಿಡೋಣ ಅನ್ನಿಸಿತು.

ಎಲ್ಲರೂ ಹೋದ ಮೇಲೆ ಅಮ್ಮ ತನ್ನ ದೊನ್ನೆ ಹಿಡಿದು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಳು. ಒಂದು ತುತ್ತು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದಳು. ಆಮೇಲೆ ದೊನ್ನೆಯನ್ನು ನನ್ನ ಕೈಗಿಟ್ಟಳು.

"ತಿಂದು ಹೇಳೇ, ಹೆಂಗಿದೆ?"

"ಸರಿಯಾಗಿದೆ ಅಮ್ಮ, ಅವರೇ ಅಂದ್ರಲ್ಲ."

"ಉಪ್ಪು ಬಿಡೇ. ತುಪ್ಪ ಘಮ್ ಅಂತಿದ್ಯಾ? ಶುಂಠಿ ಗೊತ್ತಾಗತ್ತಾ? ಮೆಣಸು ಹಲ್ಲಿಗೆ ಸಿಕ್ಕಿದ್ರೆ ಹೆಂಗಿರತ್ತೆ? ಮರೆತೇಹೋಗಿದೆ ಕಣೇ. ಎಲ್ಲಾ ಹೇಳು."

ಒಂದು ತುತ್ತು ತಿಂದೆ. "ಮೊದಲು ತುಪ್ಪ ಅಮ್ಮ, ಬಿಸಿಯಾಗಿ..." ಎಂದು ಶುರುಮಾಡಿದೆ. ಅಮ್ಮ ಕಣ್ಣು ಮುಚ್ಚಿಕೊಂಡು, "ಹೂಂ, ಆಮೇಲೆ?" ಎಂದಳು.