ಬೈಗುಳ ವಿಚಾರಿಸುತ್ತಿದ್ದ ಡಾಕ್ಟ್ರು

ಗಂಟಲಿನ ಕಾಯಿಲೆಗೆ ಹಿಮ್ಮಡಿಗೆ ಬಡಿಯುವ ಡಾಕ್ಟರೆಂದು ನಾನು ಕಂಡದ್ದು ಒಬ್ಬರನ್ನೇ, ಪುತ್ತೂರಿನ ಪಾಸ್ಕಲ್ ಡಾಕ್ಟರನ್ನು. ರೋಗಿಯನ್ನು ಕುರ್ಚಿಯ ಮೇಲೆ ಮಂಡಿಯೂರಿಸಿ, ಹಿಮ್ಮಡಿಯ ಮೇಲ್ಗಡೆ ರಬ್ಬರಿನ ಪುಟ್ಟ ಸುತ್ತಿಗೆಯಿಂದ ಟಕ್ಕೆಂದು ಬಡಿದು, ಮಿಡಿದ ಪಾದ ಎಷ್ಟು ಬೇಗ ತನ್ನ ಜಾಗಕ್ಕೆ ಮರಳುತ್ತದೆಂದು ಕನ್ನಡಕ ಹಣೆಗೇರಿಸಿ ನೋಡುತ್ತಿದ್ದರು. "ಗಂಟಲು ಇಲ್ಲುಂಟು ಡಾಕ್ಟ್ರೇ, ನೀವು ಕಾಲಿಗೆ ಬಡಿಯುದು ಎಂತಕ್ಕೆ ಮಾರಾಯ್ರೆ?" ಎಂದು ನನ್ನ ಅಮ್ಮ ಅವರನ್ನೇ ಗದರಿಸಿದ್ದಳು.

ಐವತ್ತರ ದಶಕದ ಕೊನೆಯ ಮಾತು. ಅಮ್ಮನ ಗಳಗಂಡಕ್ಕೆ ಮಂಗಳೂರಿನಲ್ಲಿ ಆಪರೇಶನ್ ಆಗಿ, ಥೈರಾಯ್ಡ್ ಗ್ರಂಥಿಯ ಬಹುಭಾಗ ತೆಗೆದಿದ್ದರು. ಉಳಿದ ಚೂರು ಮೈಗೆ ಸಾಕಾಗುತ್ತದೋ, ಇಲ್ಲ ಜೀವಮಾನವಿಡೀ ಮಾತ್ರೆ ನುಂಗಬೇಕೋ ಎಂದು ಹೇಳುವ ರಕ್ತಪರೀಕ್ಷೆ ಆಗ ನಮ್ಮ ಕಡೆ ಎಲ್ಲಿತ್ತು? ಗ್ರಂಥಿ ಸೋತರೆ ಮೈಯೆಲ್ಲ ನಿಧಾನವಾಗುತ್ತದಂತೆ, ಪಾದದ ಮಿಡಿತವೂ; ಅಂಥ ಗುರುತುಗಳ ಅಂದಾಜೇ ಪಾಸ್ಕಲ್ ಡಾಕ್ಟರಿಗೆ ಗತಿ. ಹುಬ್ಬಿನ ತುದಿ ನೋಡಿದರು, ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿದರು. ಕೊನೆಗೆ ಅಪ್ಪನನ್ನು ಕೇಳಿದರು: "ಇವರು ಮನೆಯಲ್ಲಿ ಬಯ್ತಾರಾ?"

"ಬಯ್ಯುದಾ! ಬೆಳಿಗ್ಗೆ ಶುರು ಮಾಡಿದ್ರೆ ಮಲಗುವವರೆಗೆ ಉಂಟು," ಎಂದರು ಅಪ್ಪ.

"ಒಳ್ಳೆಯದು. ಅದು ಕಡಿಮೆ ಆದ್ರೆ ಕೂಡ್ಲೇ ಕರ್ಕೊಂಡು ಬನ್ನಿ. ಉಳಿದ ಚೂರು ಸ್ವಲ್ಪ ಸಮಯ ದುಡಿದು ಸೋಲ್ತದೆ ಅಂತ ನನ್ನ ಅಂದಾಜು."

ತಮಾಷೆಯೆಂದುಕೊಂಡು ನಾವು ನಕ್ಕೆವು.

ಜಾಲ್ಸೂರಿನ ನಮ್ಮ ಮನೆಯಲ್ಲಿ, ಆ ಮಳೆಗಾಲ ಮುಗಿಯುವಷ್ಟರಲ್ಲಿ ಅಮ್ಮ ಮೆತ್ತಗಾದಳು. ಅತ್ತಿಗೆ ಸಾರಿಗೆ ಉಪ್ಪು ಮರೆತರೂ ಸುಮ್ಮನೆ ಉಂಡು ಏಳುತ್ತಿದ್ದಳು. ಸೆಕೆಯ ಮಧ್ಯಾಹ್ನವೂ ಶಾಲು ಹೊದ್ದು ಬಚ್ಚಲ ಒಲೆಯೆದುರು ಕೂತಿರುತ್ತಿದ್ದಳು. ಅತ್ತಿಗೆಯ ಮುಖ ಅರಳಿತು. ದೇವರು ಕಣ್ಣು ಬಿಟ್ಟ ಎಂದರು ಅಪ್ಪ. ತಿಂಗಳಿಗೊಮ್ಮೆ ಪುತ್ತೂರಿಗೆ ಹೋಗಿ ತೋರಿಸುವುದೂ ನಿಂತಿತು. ರಜೆಗೆ ಬಂದ ನನಗೂ ಹಾಯೆನಿಸಿತ್ತು, ಸುಳ್ಳು ಯಾಕೆ ಹೇಳಲಿ?

ನಾನಾಗ ಪುತ್ತೂರಿನಲ್ಲಿ ಟೀಚರು. ಒಂದು ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಡಾಕ್ಟರು ಸಿಕ್ಕಿ, ಅಮ್ಮ ಹೇಗಿದ್ದಾರೆಂದು ಕೇಳಿದರು. "ತುಂಬಾ ಆರಾಮ ಡಾಕ್ಟ್ರೇ. ಈಗ ಯಾರಿಗೂ ಬಯ್ಯುದೇ ಇಲ್ಲ," ಎಂದೆ.

ಅವರ ಮುಖ ಕಪ್ಪಿಟ್ಟಿತು. "ಎಂತ ಹೇಳ್ತೀರಿ ಟೀಚರೇ! ಎಷ್ಟು ಸಮಯ ಆಯ್ತು?" ಎಂದವರು ಮುಂದಿನ ಬಸ್ಸಿಗೇ ನನ್ನನ್ನೂ ಹತ್ತಿಸಿಕೊಂಡು ಹೊರಟರು. ದಾರಿಯಲ್ಲಿ ಆಡಿದ್ದು ಒಂದೇ ಮಾತು: "ಮನೆಯವರಿಗೆ ಸುಖ ಕೊಡುವ ಸೀಕನ್ನು ಯಾರೂ ಡಾಕ್ಟ್ರಿಗೆ ಹೇಳುದಿಲ್ಲ." ನನಗೆ ತಲೆಯೆತ್ತಲಾಗಲಿಲ್ಲ.

ಮನೆಗೆ ಬಂದವರೇ ಅಮ್ಮನ ಹಿಮ್ಮಡಿಗೆ ಬಡಿದರು. ಮಿಡಿದ ಪಾದ ಮರಳಲು ಮೀನಮೇಷ ಎಣಿಸಿತು. ಅವರು ಚೀಲದಿಂದ ಮಾತ್ರೆಯ ಬಾಟಲಿ ತೆಗೆದರು.

"ಇದು ಎಂತದರಲ್ಲಿ ಮಾಡಿದ್ದು?" ಎಂದಳು ಅಮ್ಮ. ಈರುಳ್ಳಿಯೂ ಒಳಗೆ ಬಾರದ ಮನೆ ನಮ್ಮದು. ಹೇಳಬೇಡಿ ಎಂದು ಅಪ್ಪ ಹಿಂದಿನಿಂದ ಕಣ್ಸನ್ನೆ ಮಾಡಿದರು. ಡಾಕ್ಟರು ಅದನ್ನು ಕಂಡೂ ಹೇಳಿಬಿಟ್ಟರು.

"ಕುರಿಯ ಗಂಟಲಿನ ಗ್ರಂಥಿ ಅಮ್ಮಾ, ಒಣಗಿಸಿ ಪುಡಿ ಮಾಡಿದ್ದು. ಸಾಯುವವರೆಗೆ ದಿನಾ ನುಂಗುವ ವಸ್ತು. ಸುಳ್ಳು ಹೇಳಿ ಕೊಡ್ಲಿಕ್ಕೆ ನನ್ನಿಂದ ಆಗುದಿಲ್ಲ."

"ನುಂಗದಿದ್ರೆ?"

"ಹೀಗೇ ತಣ್ಣಗಾಗ್ತಾ ಹೋಗ್ತೀರಿ. ಒಂದು ದಿನ ಪೂರ್ತಿ."

ಮರುದಿನ ಬೆಳಿಗ್ಗೆ ಅಮ್ಮ ಅಂಗಳದಾಚೆ ನಿಂತು ಮಾತ್ರೆ ನುಂಗಿ, ತಲೆಗೆ ಸ್ನಾನ ಮಾಡಿಯೇ ಅಡಿಗೆಮನೆಗೆ ಬಂದಳು. ಅದೇ ಅವಳ ಪದ್ಧತಿಯಾಯಿತು. ಎರಡು ತಿಂಗಳಾಗುವಾಗ ಅತ್ತಿಗೆಗೆ ಮಂಗಳಾರತಿ ಶುರುವಾಯಿತು. ಅಪ್ಪನಿಗೂ ಬಿಡಲಿಲ್ಲ.

ಕೆಲವು ವರ್ಷ ಕಳೆದು, ಪಾಸ್ಕಲ್ ಡಾಕ್ಟರು ತೀರಿಕೊಂಡರೆಂಬ ಸುದ್ದಿ ಬೆಳಗಿನ ಬಸ್ಸಿನಲ್ಲಿ ಬಂತು. ಅಂದು ಅಮ್ಮ ಅಡಿಗೆಗೆ ಒಲೆ ಹಚ್ಚಲಿಲ್ಲ. ನಮ್ಮಲ್ಲಿ ಹಾಗೆ ಮಾಡುವುದು ಹತ್ತಿರದ ನೆಂಟರು ಹೋದರೆ ಮಾತ್ರ. ಹಸಿವು ತಾಳದೆ ಅಪ್ಪ ಕೇಳಿಯೇಬಿಟ್ಟರು: "ಅಲ್ಲ, ಅವರು ನಮಗೆ ಎಂತ ಆಗ್ಬೇಕು?"

ಅಮ್ಮ ನಮ್ಮೆಲ್ಲರ ಮುಖವನ್ನೂ ಒಮ್ಮೆ ನೋಡಿದಳು.

"ನಾನು ಸುಮ್ಮನಾದಾಗ ನಿಮಗೆಲ್ಲ ಖುಷಿ ಆಯ್ತು. ಹೆದರಿಕೆ ಆದದ್ದು ಅವರೊಬ್ಬರಿಗೆ."