ಹೊಸ್ತಿಲಲ್ಲಿ ಹಚ್ಚುವ ವಿಭೂತಿ

ಸಂಜೆ ಅಣ್ಣ ಬಂದ ಕೂಡಲೇ ಅವ್ವ ಅವನನ್ನು ಹೊಸ್ತಿಲಲ್ಲೇ ನಿಲ್ಲಿಸಿ ಹಣೆಗೆ ವಿಭೂತಿ ಹಚ್ಚುತ್ತಿದ್ದಳು. ಕೊಟ್ಟೂರಿನ ನಮ್ಮ ಮನೆಗೆ ವಿಭೂತಿ ಹೊಸದಲ್ಲ. ಹೊಸ್ತಿಲಲ್ಲಿ ಹಚ್ಚುವುದು ಮಾತ್ರ ಅಣ್ಣ ಕುಡಿತ ಬಿಟ್ಟ ಮೇಲೆ ಶುರುವಾಯಿತು. ಅವನು ತಲೆ ಬಗ್ಗಿಸಿದಾಗ ಅವಳ ಮೂಗು ಅವನ ಬಾಯಿಯ ಹತ್ತಿರ ಇರುತ್ತಿತ್ತು. ಯಾಕೆಂದು ಎಲ್ಲರಿಗೂ ಗೊತ್ತಿತ್ತು, ಅಣ್ಣನಿಗೂ.

ಕೂಡ್ಲಿಗಿಯ ವೈದ್ಯರು, ಕುಡಿತದ ಜೊತೆ ಖಿನ್ನತೆಯೂ ಇದೆ, ತಮ್ಮನ್ನು ಕೇಳದೆ ನಿಲ್ಲಿಸಬಾರದು ಎಂದು ಗುಳಿಗೆ ಕೊಟ್ಟಿದ್ದರು. ಆಮೇಲೆ ಅಣ್ಣ ಊರ ಹೊರಗಿನ ಯೋಗ ಕೇಂದ್ರಕ್ಕೂ ಹೋಗತೊಡಗಿದ. ಅಲ್ಲಿ ಆಸನ, ಧ್ಯಾನ, ಕಾಯಿಪಲ್ಲೆ ತೋಟದಲ್ಲಿ ಕೆಲಸ, ಕೊನೆಗೆ ಲವಂಗದ ಕಷಾಯ.

ನನ್ನ ಗುಮಾನಿ ಆ ಲವಂಗದ ಮೇಲೆ. ಪತ್ರಿಕೆಗೆ ಸುದ್ದಿ ಬರೆಯುವವನು ನಾನು. ಒಬ್ಬರ ಮಾತು ಕೇಳಿ ಬರೆಯುವುದಿಲ್ಲ. ಅಷ್ಟು ಘಾಟಿನಲ್ಲಿ ಅವ್ವನ ಮೂಗಿಗೆ ಬೇರೇನು ಸಿಕ್ಕೀತು? ಅಣ್ಣ ಸೊರಗಿದ್ದ. ಮಾತು ಕಡಿಮೆಯಾಗಿತ್ತು. ಕಣ್ಣು ಕೆಂಪಗಿರುತ್ತಿತ್ತು. ಒಂದು ಸಂಜೆ ಹೇಳದೆ ಕೇಂದ್ರಕ್ಕೆ ಹೋದೆ. ಅವನು ಬದನೆ ಗಿಡಗಳ ಬುಡ ಕೆದಕುತ್ತಿದ್ದ.

“ಬಾಯಿ ಮೂಸಾಕ ಬಂದೀಯೇನಲೇ ರಿಪೋರ್ಟರ್? ಬಾ, ಮೂಸು.”

“ಕಣ್ಣು ಯಾಕ ಕೆಂಪಗ ಅದಾವ ಅಣ್ಣಾ?”

“ನಿದ್ದಿ ಹತ್ತವಲ್ದು.”

“ಗುಳಿಗಿ ತಗೊಂತೀಯಲ್ಲ?”

ಅವನು ಕೈಗೆ ಮೆತ್ತಿದ ಮಣ್ಣು ಉಜ್ಜಿಕೊಂಡ. “ಬಿಟ್ಟೀನಿ. ಒಂದು ಚಟ ಬಿಟ್ಟಾಂವಗ ಇನ್ನೊಂದು ಯಾಕ ಅಂದ್ರು ಇಲ್ಲಿ.”

ಕೇಂದ್ರ ನಡೆಸುವವರನ್ನು ಕೇಳಿದೆ.

“ಬಿಡಂತ ನಾವು ಹೇಳಿಲ್ರಿ. ಬೇಕಾಗಂಗಿಲ್ಲ ಅಂದೀವಿ, ಅಷ್ಟ,” ಎಂದು ನಕ್ಕು ನನಗೂ ಒಂದು ಲೋಟ ಕಷಾಯ ಕೊಟ್ಟರು. ಲವಂಗ, ಶುಂಠಿ, ಬೆಲ್ಲ. ನನ್ನ ನಾಲಿಗೆಗೆ ಗೊತ್ತಾದದ್ದು ಅಷ್ಟೇ.

ನಿದ್ದೆಯಿಲ್ಲದ ಆ ಕೆಂಪು ಕಣ್ಣು ಗುಳಿಗೆ ಬಿಟ್ಟದ್ದರಿಂದ; ಅಣ್ಣ ಕುಡಿದಿರಲಿಲ್ಲ. ನಾವು ದಿನಾ ಅವನ ಉಸಿರನ್ನೇ ಕಾಯುತ್ತಿದ್ದೆವು. ಗುಳಿಗೆ ನುಂಗಿದೆಯಾ ಎಂದು ಒಬ್ಬರೂ ಕೇಳಿರಲಿಲ್ಲ.

ಮರುದಿನ ಕೂಡ್ಲಿಗಿಗೆ ಹೋದೆವು. ವೈದ್ಯರು ಬೈಯಲಿಲ್ಲ. “ಯೋಗ ಮಾಡ್ರಿ, ಗಿಡಕ್ಕ ನೀರೂ ಹಾಕ್ರಿ. ಗುಳಿಗಿ ಮಾತ್ರ ನಾ ಹೇಳಿದಾಗ ಬಿಡ್ರಿ. ಆ ಕಷಾಯದಾಗ ಏನೇನು ಐತಿ ಅಂತ ಗೊತ್ತಾಗೋತನ ಅದು ಬ್ಯಾಡ.”

ಅಂದು ಸಂಜೆ ಅವ್ವ ವಿಭೂತಿ ಹಚ್ಚಿದಳು, ಆದರೆ ಹೊಸ್ತಿಲಲ್ಲಲ್ಲ, ಊಟಕ್ಕೆ ಕೂತ ಮೇಲೆ. “ಗುಳಿಗಿ ತಗೊಂಡ್ಯೇನು ಯಪ್ಪಾ?” ಎಂದಳು.

ಅಣ್ಣ ಗುಳಿಗೆ ಬಾಯಿಗೆ ಹಾಕಿಕೊಂಡು ನೀರು ಕುಡಿದ. ಆಮೇಲೆ, ಯಾರೂ ಕೇಳದಿದ್ದರೂ, ನನ್ನ ಕಡೆ ತಿರುಗಿ ಬಾಯಿ ತೆರೆದ.

“ನೋಡ್ಕೊಳಲೇ.”

ನೋಡಿದೆ. ನಾಲಿಗೆ ಎತ್ತು ಎಂದೆ. ಎತ್ತಿದ.